ಕರಗದ ಐಸ್

‘ಇವತ್ತೂ ನಾನೇ ಗೆದ್ದರೆ ಎಂತ ಮಾಡುವುದು?’

ಗೋಡೆಗೆ ಮುಖ ಮಾಡಿ ಕುಳಿತಿದ್ದ ವೇದಾವತಿ ಮನಸ್ಸಿನಲ್ಲಿಯೇ ತನ್ನನ್ನು ಕೇಳಿಕೊಂಡಳು. ಸೋಲುವ ಹೆದರಿಕೆ ಎಲ್ಲರಿಗೂ ಇರುತ್ತದೆ. ಗೆಲ್ಲುವ ಹೆದರಿಕೆ ಇರುವವಳು ಇಡೀ ಪರ್ಕಳದಲ್ಲಿ ತಾನೊಬ್ಬಳೇ ಇರಬೇಕು ಎಂದು ಅವಳಿಗೆ ಅನಿಸಿತು.

ಬೆನ್ನ ಹಿಂದೆ ಟಿ.ವಿ.ಯಿಂದ ಗುರ್ರ್ ಎಂಬ ಶಬ್ದ ಎದ್ದಿತು. ಅವಳ ಕಣ್ಣೆದುರಿನ ಗೋಡೆಯ ಮೇಲೆ ಬೆಳಕು ಒಮ್ಮೆ ಹತ್ತಿತು, ಒಮ್ಮೆ ಆರಿತು.

“ಬಂತು ಬಂತು! ಬಿರುಗಾಳಿ ಬಂತು ಮಾರಾಯ್ತಿ!” ಹೃಷೀಕೇಶ ಕೂಗಿದ. “ಅಯ್ಯೋ, ಒಂದು ದೋಣಿ ಹೋಯ್ತು. ಬಾ ಬಾ, ಈಚೆ ಬಾ... ಛೇ! ಎರಡನೆಯದೂ ಹೋಯ್ತು!”

ತಿರುಗಿ ನೋಡಬೇಕೆಂದು ವೇದಾವತಿಗೆ ಎಷ್ಟು ಆಸೆ! ಆದರೆ ನೋಡುವ ಹಾಗಿಲ್ಲ. ಒಬ್ಬರು ಆಡುವಾಗ ಇನ್ನೊಬ್ಬರು ಗೋಡೆ ನೋಡುತ್ತಿರಬೇಕು. ಅದು ಆಟದ ನಿಯಮ.

ಆಟದ ಹೆಸರು ‘ಬಂದರು’. ಅದನ್ನು ಮಾಡಿದವನು ಕ್ಲಾರೆನ್ಸಣ್ಣ. ಕಲ್ಯಾಣಪುರದವನಾದ ಅವನು ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತ, ವೇದಾವತಿಯ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗೆ ಇದ್ದ. ಅವನ ಸೋದರಮಾವ ಬಹರೈನಿನಿಂದ ಒಂದು ಕಂಪ್ಯೂಟರ್ ತಂದುಕೊಟ್ಟಿದ್ದರು. ಕಪ್ಪು ಬಣ್ಣದ, ರಬ್ಬರ್ ಕೀಗಳ, ಒಂದು ನೋಟ್‌ಬುಕ್ಕಿನಷ್ಟೇ ದೊಡ್ಡ ಕಂಪ್ಯೂಟರ್. ಅದರ ಚಿತ್ರಗಳು ಕಾಣಬೇಕಾದರೆ ಟಿ.ವಿ.ಗೆ ಜೋಡಿಸಬೇಕು. ಇದು ಎಂಬತ್ತಾರನೆಯ ಇಸವಿಯ ಮಾತು. ಟಿ.ವಿ. ಇದ್ದ ಮನೆಗಳೇ ಆಗ ಕಡಿಮೆ. ವೇದಾವತಿಯ ಮನೆಯ ಚಾವಡಿಯಲ್ಲಿ ಒಂದು ಬ್ಲ್ಯಾಕ್ ಅಂಡ್ ವೈಟ್ ಟಿ.ವಿ. ಇತ್ತು.

ಹಾಗಾಗಿ ಸಂಜೆಯಾದರೆ ಕ್ಲಾರೆನ್ಸಣ್ಣ ಕಂಪ್ಯೂಟರನ್ನು ಕಂಕುಳಲ್ಲಿ ಒತ್ತಿಕೊಂಡು, ಟೇಪ್ ರೆಕಾರ್ಡರನ್ನು ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಇಳಿದು ಬರುತ್ತಿದ್ದ. ಆಟ ಇದ್ದದ್ದು ಕ್ಯಾಸೆಟ್ಟಿನಲ್ಲಿ. ಅದು ಕಂಪ್ಯೂಟರಿನೊಳಗೆ ಹೋಗುವಾಗ ಟೇಪ್ ರೆಕಾರ್ಡರ್ ಕೀ... ಎಂದು ಕಿರುಚುತ್ತಿತ್ತು.

“ಕ್ಲಾರೆನ್ಸ್, ಆ ಶಬ್ದಕ್ಕೆ ನನ್ನ ಹಾಲು ಒಡೆದೀತು ಮಾರಾಯ!” ಎಂದು ಅಮ್ಮ ಅಡುಗೆಮನೆಯಿಂದ ಕೂಗುತ್ತಿದ್ದರು.

“ಒಡೆದ್ರೆ ನಾನೇ ಕುಡಿತೇನೆ ಅಕ್ಕಾ,” ಎನ್ನುತ್ತಿದ್ದ ಅವನು.

ಆಟ ಹೀಗಿತ್ತು. ಇಬ್ಬರಿಗೂ ಒಂದೊಂದು ಬಂದರು, ಮೂರು ಮೂರು ದೋಣಿ. ದೋಣಿಯನ್ನು ಹತ್ತಿರಕ್ಕೆ ಕಳಿಸಿದರೆ ಸ್ವಲ್ಪ ಮೀನು. ದೂರಕ್ಕೆ ಕಳಿಸಿದರೆ ತುಂಬಾ ಮೀನು, ಆದರೆ ಬಿರುಗಾಳಿ ಬಂದರೂ ಬಂತು. ಮೀನು ಹಾಳಾಗದ ಹಾಗೆ ಐಸ್ ಕೊಂಡುಕೊಳ್ಳಬೇಕು. ಉಳಿದ ಐಸನ್ನು ಮಾರಲೂಬಹುದು. ಕೊನೆಯಲ್ಲಿ ಯಾರ ಹತ್ತಿರ ಹಣ ಹೆಚ್ಚು ಉಂಟೋ ಅವರು ಗೆದ್ದ ಹಾಗೆ.

ಆಡಿ ನೋಡುವವರು ವೇದಾವತಿ ಮತ್ತು ಅವಳ ದೊಡ್ಡಪ್ಪನ ಮಗ ಹೃಷೀಕೇಶ. ಅವನ ಮನೆ ಪಕ್ಕದಲ್ಲೇ. ಅವನು ಏಳನೆಯ ಕ್ಲಾಸು, ಇವಳು ಐದನೆಯದು. ಅವರು ಆಡುವಾಗ ಕ್ಲಾರೆನ್ಸಣ್ಣ ಒಂದು ಮಾತೂ ಆಡುತ್ತಿರಲಿಲ್ಲ. ಟಿ.ವಿ.ಯ ಪಕ್ಕ ಸ್ಟೂಲ್ ಹಾಕಿಕೊಂಡು, ಬಾಯಿಗೆ ಕರ್ಚೀಫ್ ಒತ್ತಿ ಹಿಡಿದು, ಇವರ ಕಡೆಗೇ ತಿರುಗಿ ಕೂರುತ್ತಿದ್ದ.

“ನೀವು ಸ್ಕ್ರೀನ್ ನೋಡುದಿಲ್ವಾ ಕ್ಲಾರೆನ್ಸಣ್ಣ?” ಎಂದು ಹೃಷೀಕೇಶ ಒಮ್ಮೆ ಕೇಳಿದ್ದ.

“ಸ್ಕ್ರೀನಲ್ಲಿ ಎಂತ ಉಂಟು ಅಂತ ನನಗೆ ಗೊತ್ತುಂಟು. ಬರೆದವ ನಾನೇ ಅಲ್ವಾ? ನಿಮ್ಮ ಮುಖದಲ್ಲಿ ಎಂತ ಉಂಟು ಅಂತ ನೋಡ್ಬೇಕು.”

“ಬಾಯಿಗೆ ಎಂತಕ್ಕೆ ಕರ್ಚೀಫು?”

“ಇಲ್ಲದಿದ್ರೆ ಹೇಳಿಕೊಟ್ಟುಬಿಡ್ತೇನೆ ಮಾರಾಯ. ಶನಿವಾರ ಕಾಲೇಜಿನ ಎಕ್ಸಿಬಿಶನ್ನಿಗೆ ಬಂದವರಿಗೆಲ್ಲ ಹಾಗೆ ಹೇಳಿಕೊಡ್ಲಿಕ್ಕೆ ಆಗ್ತದಾ? ನಿಮಗೆ ಗೊತ್ತಾಗಲಿಲ್ಲ ಅಂದ್ರೆ ತಪ್ಪು ನನ್ನದು, ನಿಮ್ಮದಲ್ಲ.”

ಇನ್ನೊಂದು ದಿನ ಹೃಷೀಕೇಶ ಎಷ್ಟು ದೋಣಿ ಕಳಿಸಬೇಕು ಎಂಬಲ್ಲಿ ತಮಾಷೆಗೆ ಸಾವಿರ ಎಂದು ಒತ್ತಿದ. ಆಟ ಅಲ್ಲಿಯೇ ನಿಂತಿತು. ಸ್ಕ್ರೀನ್ ಬಿಳಿಯಾಯಿತು. ಅವನ ಮುಖವೂ ಬಿಳಿಯಾಯಿತು. “ನಾನು ಎಂತದೂ ಮಾಡಲಿಲ್ಲ!” ಎಂದು ಎದ್ದು ಬಾಗಿಲಿನ ತನಕ ಹೋದ.

ಕ್ಲಾರೆನ್ಸಣ್ಣ ಕರ್ಚೀಫ್ ಎಸೆದು ಎದ್ದು ನಿಂತ. ಬೈಯುತ್ತಾನೆ ಎಂದು ವೇದಾವತಿ ಕಣ್ಣು ಮುಚ್ಚಿಕೊಂಡಳು.

“ಶಾಬಾಸ್!” ಎಂದು ಅವನು ಚಪ್ಪಾಳೆ ಹೊಡೆದ. “ಶನಿವಾರ ಎಲ್ಲರೆದುರು ಆಗಬೇಕಾದ್ದು ಇವತ್ತೇ ಆಯ್ತು. ಥ್ಯಾಂಕ್ಸ್ ಮಾರಾಯ, ಥ್ಯಾಂಕ್ಸ್!”

ಮರುದಿನ ಸಾವಿರ ಒತ್ತಿದರೆ ಸ್ಕ್ರೀನಿನಲ್ಲಿ ‘ಧಣಿಗಳೇ, ಇರುವುದು ಮೂರೇ ದೋಣಿ’ ಎಂದು ಇಂಗ್ಲಿಷಿನಲ್ಲಿ ಬಂತು. ಹೃಷೀಕೇಶ ಅದನ್ನು ಓದಲಿಕ್ಕೆಂದೇ ಮತ್ತೆ ಮತ್ತೆ ಸಾವಿರ ಒತ್ತಿದ.

ವೇದಾವತಿ ಮಾತ್ರ ಕ್ಲಾರೆನ್ಸಣ್ಣನ ಆ ಚಪ್ಪಾಳೆಯನ್ನೇ ದಿನವಿಡೀ ಯೋಚಿಸಿದಳು. ಅವಳು ಕಂಡ ದೊಡ್ಡವರಲ್ಲಿ ತಪ್ಪು ತೋರಿಸಿದರೆ ಬೈಯುವವರಿದ್ದರು, ಸುಮ್ಮನಾಗುವವರಿದ್ದರು. ಥ್ಯಾಂಕ್ಸ್ ಹೇಳುವವರನ್ನು ನೋಡಿದ್ದು ಅದೇ ಮೊದಲು.

ಆದರೂ ಅವಳು ತನ್ನ ಗುಟ್ಟನ್ನು ಹೇಳಲಿಲ್ಲ.

ಗುಟ್ಟು ಇಷ್ಟೇ. ಮೊದಲ ದಿನ ಆಡುವಾಗ ಅವಳು ತಪ್ಪು ಕೀ ಒತ್ತಿದ್ದಳು. ಇದ್ದ ಹಣಕ್ಕೆಲ್ಲ ಐಸ್ ಬಂದುಬಿಟ್ಟಿತ್ತು. ಏನು ಮಾಡಬೇಕು ಎಂದು ಕೇಳಲು ನಾಚಿಕೆಯಾಗಿ ಸುಮ್ಮನೆ ಕುಳಿತಳು. ಎರಡು ಸರದಿ ಕಳೆಯುವಾಗ ಐಸಿನ ರೇಟ್ ಏರಿತು. ಮಾರಿದಳು. ರೇಟ್ ಇಳಿಯಿತು. ಪುನಃ ಕೊಂಡಳು. ನಿಜವಾದ ಐಸ್ ಆಗಿದ್ದರೆ ಮಲ್ಪೆ ಬಂದರಿನಿಂದ ಪರ್ಕಳಕ್ಕೆ ಬರುವಷ್ಟರಲ್ಲಿ ಅರ್ಧ ನೀರಾಗಿರುತ್ತದೆ. ಕಂಪ್ಯೂಟರಿನ ಐಸ್ ಎಷ್ಟು ದಿನ ಇಟ್ಟರೂ ಇಟ್ಟ ಹಾಗೆಯೇ ಇತ್ತು. ದೋಣಿಗಳನ್ನು ದಡದಲ್ಲೇ ಕಟ್ಟಿಹಾಕಿ, ಬರೀ ಐಸ್ ಮಾರಿ ಅವಳು ಗೆದ್ದಳು. ಮರುದಿನವೂ ಗೆದ್ದಳು. ಕ್ಲಾರೆನ್ಸಣ್ಣನ ಗೆಳೆಯ ಅಲೋಶಿಯಸ್ ಆಡಲು ಬಂದಾಗಲೂ ಗೆದ್ದಳು.

“ಎಂತ ತಲೆ ಮಾರಾಯ್ರೆ ಈ ಹುಡುಗಿಯದ್ದು!” ಎಂದಿದ್ದ ಅಲೋಶಿಯಸ್.

ಕೇರಂ ಇರಲಿ, ಓಟ ಇರಲಿ, ಇಷ್ಟರ ತನಕ ಹೃಷೀಕೇಶನೆದುರು ಅವಳು ಯಾವುದರಲ್ಲೂ ಗೆದ್ದವಳಲ್ಲ. ಈಗ ಅವನು ಶಾಲೆಯ ಬಸ್ಸಿನಲ್ಲಿ ಕಿಟಕಿಯ ಬದಿಯ ಸೀಟ್ ಹಿಡಿದಿಟ್ಟು, “ಅದು ಚಾಂಪಿಯನ್ನಿಗೆ, ಆಚೆ ಹೋಗಿ,” ಎಂದು ಉಳಿದವರನ್ನು ಓಡಿಸುತ್ತಿದ್ದ. ಎಲ್ಲರೂ ಅವಳತ್ತ ತಿರುಗಿ ನೋಡುತ್ತಿದ್ದರು. ಗುಟ್ಟು ಹೊರಗೆ ಬಿದ್ದರೆ ಕ್ಲಾರೆನ್ಸಣ್ಣ ಅದನ್ನು ಸರಿ ಮಾಡುತ್ತಾನೆ. ಆಮೇಲೆ ಚಾಂಪಿಯನ್ ಎಲ್ಲಿ?

“ವೇದಾ, ನಿನ್ನ ಆಟ!” ಹೃಷೀಕೇಶ ಅವಳ ಜಡೆ ಎಳೆದ.

ಅವಳು ಟಿ.ವಿ.ಯ ಕಡೆ ತಿರುಗಿದಳು. ಅವನು ಗೋಡೆಯ ಕಡೆ ತಿರುಗಿದ. ಅವಳ ಮೂರು ದೋಣಿಗಳು ಸ್ಕ್ರೀನಿನ ಮೂಲೆಯಲ್ಲಿ ಸಾಲಾಗಿ ನಿಂತಿದ್ದವು. ‘ಐ’ ಒತ್ತಿದಳು, ಎಂಟರ್ ಒತ್ತಿದಳು. ಅವನ ಸರದಿ ಮುಗಿದ ಮೇಲೆ ಪುನಃ ‘ಐ’, ಪುನಃ ಎಂಟರ್. ಕೈ ತನ್ನಷ್ಟಕ್ಕೇ ಹೋಗುತ್ತಿತ್ತು. ಮನೆಪಾಠದ ಮಗ್ಗಿ ಬರೆದ ಹಾಗೆ.

ಕೊನೆಗೆ ಟಿ.ವಿ. ಪೀಂ ಪೀಂ ಎಂದಿತು. ವೇದಾವತಿ ಗೆದ್ದಿದ್ದಳು.

“ಪುನಃ ಇವಳೇ! ಆದರೆ ಆ ಗಾಳಿ ನೋಡ್ಬೇಕಿತ್ತು ನೀವು,” ಎಂದು ಹೃಷೀಕೇಶ ಚಾವಡಿಯಿಡೀ ಕೈ ಬೀಸಿಕೊಂಡು ತೇಲಿದ. “ದೋಣಿ ಹೀಗೆ ಹೀಗೆ ಆಗಿ, ಬುಳುಕ್!”

ಕ್ಲಾರೆನ್ಸಣ್ಣ ಕರ್ಚೀಫನ್ನು ಮಡಚಿ ಜೇಬಿಗೆ ಹಾಕಿಕೊಂಡ. ಅವನು ವೇದಾವತಿಯನ್ನೇ ನೋಡುತ್ತಿದ್ದ.

“ಅಲ್ಲ ಮಾರಾಯ್ತಿ, ಇವ ಸೋತು ಕುಣಿತಾನೆ. ನೀನು ಗೆದ್ದು ನಗುವುದೂ ಇಲ್ಲ. ಎಂತ, ಆಟ ಒಳ್ಳೆದಿಲ್ವಾ?”

“ಒಳ್ಳೆದುಂಟು,” ಎಂದಳು ವೇದಾವತಿ ನೆಲ ನೋಡುತ್ತ.

“ಹೇಳು, ನಾನು ಬೇಜಾರು ಮಾಡಿಕೊಳ್ಳುದಿಲ್ಲ.”

“ಒಳ್ಳೆದುಂಟು ಅಣ್ಣಾ.”

ಅವನು ಗಲ್ಲ ತುರಿಸಿಕೊಂಡ. “ಯಾವಾಗಲೂ ಒಬ್ಬರೇ ಗೆಲ್ಲುವುದು ಅಂದ್ರೆ ಎಲ್ಲಿಯೋ ತಪ್ಪುಂಟು. ಹೃಷಿಯ ದೋಣಿ ಮುಳುಗುವುದು ಬಿರುಗಾಳಿಯಲ್ಲಿ. ಅಲೋಶಿಯಸನದ್ದೂ ಅದರಲ್ಲಿಯೇ ಮುಳುಗಿತು. ಸರಿ, ಬಿರುಗಾಳಿಯನ್ನು ತೆಗೆಯುವಾ.”

“ಅಯ್ಯೋ, ಬಿರುಗಾಳಿ ಬೇಡ್ವಾ?” ಹೃಷೀಕೇಶನ ಕೈಗಳು ಗಾಳಿಯಲ್ಲಿಯೇ ನಿಂತವು. “ಅದೇ ಅಲ್ವಾ ಲಾಯ್ಕ್ ಇರುವುದು?”

“ನನಗೂ ಅದೇ ಇಷ್ಟ ಮಾರಾಯ. ಅದೊಂದನ್ನು ಬರೆಯಲಿಕ್ಕೇ ಎರಡು ವಾರ ಹಿಡಿದಿತ್ತು. ನನಗೆ ಇಷ್ಟ ಅಂತ ಇಟ್ಟುಕೊಂಡು ಆಡುವವರನ್ನು ಸೋಲಿಸ್ಲಿಕ್ಕೆ ಆಗ್ತದಾ?”

ಅವನು ಕಂಪ್ಯೂಟರಿನ ಮುಂದೆ ಕುಳಿತ. ಸ್ಕ್ರೀನಿನ ಮೇಲೆ ಅವನು ಬರೆದ ಸಾಲುಗಳು ಬಂದವು. ಪ್ರತಿ ಸಾಲಿಗೂ ಒಂದೊಂದು ನಂಬರ್. ನಂಬರ್ ಬರೆದು ಎಂಟರ್ ಒತ್ತಿದರೆ ಆ ಸಾಲೇ ಮಾಯ.

“ಇದು ಅಲೆ,” ಎಂದ. ಎಂಟರ್. “ಇದು ಆಕಾಶ ಕಪ್ಪಾಗುವುದು.” ಎಂಟರ್. “ಇದು ಗುಡುಗು.” ಎಂಟರ್. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ, ಬೇಸರವೂ ಇರಲಿಲ್ಲ. ಮೊಳೆ ಎದ್ದ ಬೆಂಚನ್ನು ಸರಿ ಮಾಡುವ ಆಚಾರಿಯ ಹಾಗೆ ಒಂದೊಂದನ್ನೇ ಕಿತ್ತು ತೆಗೆಯುತ್ತಿದ್ದ.

ವೇದಾವತಿ ನೋಡುತ್ತ ನಿಂತಳು. ಇಷ್ಟು ದಿನ ಅವಳು ಆ ಗುಡುಗನ್ನು ಬೆನ್ನ ಹಿಂದೆ ಕೇಳಿದ್ದಳು. ಗೋಡೆಯ ಮೇಲೆ ಅದರ ಬೆಳಕನ್ನು ನೋಡಿದ್ದಳು. ಈಗ ಅದು ಹೋಗುತ್ತಿತ್ತು. ತಪ್ಪು ಬಿರುಗಾಳಿಯದ್ದಲ್ಲ ಎಂದು ಈ ಚಾವಡಿಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೆ. ಕ್ಲಾರೆನ್ಸಣ್ಣ ದಿನವೂ ಅವಳ ಮುಖವನ್ನು ನೋಡುತ್ತ ಕೂರುತ್ತಿದ್ದ. ಮುಖವೇ ಮುಚ್ಚಿಟ್ಟರೆ ಅವನಾದರೂ ಎಂತ ಮಾಡಿಯಾನು?

“ಆಯ್ತು. ಇನ್ನು ಹಳೆಯದರ ಮೇಲೆಯೇ ರೆಕಾರ್ಡ್ ಮಾಡುವುದು. ಬೇರೆ ಕ್ಯಾಸೆಟ್ ಇಲ್ಲ.” ಅವನು ಟೇಪ್ ರೆಕಾರ್ಡರನ್ನು ಹತ್ತಿರಕ್ಕೆ ಎಳೆದುಕೊಂಡ.

“ಮತ್ತೆ ಬೇಕಾದ್ರೆ?” ಹೃಷೀಕೇಶ ಕೇಳಿದ.

“ಮತ್ತೆ ಎಲ್ಲಿಂದ? ನಾಡಿದ್ದು ಶನಿವಾರ.”

ಕೆಂಪು ಬಟನಿನ ಮೇಲೆ ಒಂದು ಬೆರಳು, ಪಕ್ಕದ ಬಟನಿನ ಮೇಲೆ ಇನ್ನೊಂದು ಬೆರಳು.

“ಬೇಡ,” ಎಂದಳು ವೇದಾವತಿ. ಒಳಗೆ ಅಮ್ಮ ಒಗ್ಗರಣೆ ಹಾಕಿದ ಚುಂಯ್ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಅವಳು ಮುಂದೆ ಹೋಗಿ ಕ್ಲಾರೆನ್ಸಣ್ಣನ ಅಂಗಿಯ ತೋಳು ಹಿಡಿದಳು. ಅವನು ತಲೆ ಎತ್ತಿದ. ಹೃಷೀಕೇಶನೂ ನೋಡಿದ. ಇಬ್ಬರೂ ಒಟ್ಟಿಗೆ ನೋಡುತ್ತಿದ್ದುದರಿಂದ ಅವಳ ಕಿವಿ ಬಿಸಿಯಾಯಿತು. ಆದರೂ ಅವಳು ತೋಳನ್ನು ಬಿಡಲಿಲ್ಲ.

“ತೆಗಿಬೇಡಿ. ನಾನು ಬರೀ ಐಸ್ ಮಾರಿ ಗೆದ್ದದ್ದು,” ಎಂದಳು. “ನನ್ನ ದೋಣಿ ಒಂದು ಸಲವೂ ಸಮುದ್ರಕ್ಕೆ ಹೋಗಿಲ್ಲ, ಅಣ್ಣಾ.”