ಅಳಿಸಿದರೂ ಮರಳುತ್ತಿದ್ದ ಪ್ರಕಟಣೆ

"ನನ್ನ ಕೆಲಸಕ್ಕೆ ಕಲ್ಲು ಹಾಕಿದ್ದು ನನ್ನ ಮೈದುನಾನೇ. ಸಂಜೆಯೊಳಗೆ ಮನೆ ಬಿಡು ಅಂದಿದ್ದೀನಿ. ನೀವು ಸಾಕ್ಷಿ ಹುಡುಕಿಕೊಡಿ, ಸಾಕು."

ಪಿಟೀಲು ರಿಪೇರಿ ಮಾಡುವ, ನಾವೆಲ್ಲ ಪಿಟೀಲಮ್ಮ ಎಂದೇ ಕರೆಯುವ ನಮ್ಮ ಬೀದಿಯ ಹೆಂಗಸು ಹೀಗೆಂದಾಗ ನನ್ನ ಸೋದರತ್ತೆ ಚಹಾ ಲೋಟ ಕೆಳಗಿಟ್ಟರು. ಬೀದಿಯ ಕಳವು, ಕಿತಾಪತಿಗಳನ್ನೆಲ್ಲ ಪತ್ತೆ ಮಾಡುವುದು ಅತ್ತೆ. ಅವರ ಹಿಂದೆ ತಿರುಗಿ ಬೈಸಿಕೊಳ್ಳುವುದು ನಾನು.

ಸ್ಟಾಟಿಕ್ ಸೈಟ್ ಜನರೇಟರ್ ಎಂಬ ತಂತ್ರಾಂಶ ಬಳಸಿ ಆ ಮೈದುನ ಅತ್ತಿಗೆಗೊಂದು ವೆಬ್‌ಸೈಟ್ ಮಾಡಿಕೊಟ್ಟಿದ್ದ. ಅವರಿಗೂ ಅವರ ಮಗಳಿಗೂ ಕಲಿಸಿದ್ದ. ಬರಹವನ್ನು ಸಾದಾ ಕಡತದಲ್ಲಿಟ್ಟು ಆಜ್ಞೆ ಕೊಟ್ಟರೆ ಜನರೇಟರ್ ಅದರಿಂದ ಪುಟ ತಯಾರಿಸುತ್ತಿತ್ತು. ಸೋಮವಾರ ಪಿಟೀಲಮ್ಮ ಹೊಸ ಫೋಟೊ ಸೇರಿಸಿ ಪುಟ ತಯಾರಿಸಿದ್ದೇ ತಡ, 'ಇನ್ನು ರಿಪೇರಿ ಕೆಲಸ ತೆಗೆದುಕೊಳ್ಳುವುದಿಲ್ಲ' ಎಂಬ ಪ್ರಕಟಣೆ ಕಾಣಿಸಿಕೊಂಡಿತು. ಅಳಿಸಿದರು, ಮುಂದಿನ ಸಲ ಪುಟ ತಯಾರಿಸಿದಾಗ ಮತ್ತೆ ಬಂತು. ಗಿರಾಕಿಗಳು ನಿಂತುಹೋದರು.

"ಮಗಳು ತಿಂಗಳಿದ್ದು, ಪಿಟೀಲುಗಳನ್ನೂ ಗಿರಾಕಿಗಳಿಗೆ ಅವಳೇ ಮುಟ್ಟಿಸಿ, ಶುಕ್ರವಾರ ಗಂಡನ ಮನೆಗೆ ಹೋದ್ಲು. ಭಾನುವಾರ ಇವನು ಬೇರೆ ಊರಿಂದ ದಿಢೀರಂತ ಬಂದ. ಸೋಮವಾರ ಹೀಗಾಯ್ತು. ಇನ್ಯಾರಿದ್ದಾರೆ ಹೇಳಿ?"

ನನಗೂ ಹಾಗೇ ಅನ್ನಿಸಿತು. ಹೇಳಿದ್ದಕ್ಕೆ, "ಬಾಯಿ ಮುಚ್ಕೊಂಡು ಬಾ," ಎಂದರು ಅತ್ತೆ.

ಪಿಟೀಲಮ್ಮನ ಕೋಣೆಯಲ್ಲಿ ಹಾಡುಹಗಲೇ ದೀಪಗಳೆಲ್ಲ ಉರಿಯುತ್ತಿದ್ದವು. ಕಂಪ್ಯೂಟರಿನಲ್ಲಿ ಅಕ್ಷರಗಳು ಎಷ್ಟು ದಪ್ಪಗಿದ್ದವೆಂದರೆ ಒಂದು ಸಾಲೂ ಪೂರ್ತಿ ಹಿಡಿಸುತ್ತಿರಲಿಲ್ಲ. ಮೈದುನ ಬಟ್ಟೆ ತುಂಬಿದ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ನಿಮ್ಮ ಹೊಟ್ಟೆ ಮೇಲೆ ನಾನ್ಯಾಕೆ ಹೊಡೀಲಿ ಅತ್ತಿಗೆ?"

ಅತ್ತೆ ಪ್ರಕಟಣೆಯ ಕಡತ ತೆರೆದರು. ಬರಹದ ಮೇಲೆ ಸೋಮವಾರದ ತಾರೀಖಿತ್ತು. ಆದರೆ ಕಡತ ಕೊನೆಯ ಸಲ ತಿದ್ದಿದ್ದು ಹಿಂದಿನ ಗುರುವಾರ ಎಂದು ಕಂಪ್ಯೂಟರ್ ತೋರಿಸುತ್ತಿತ್ತು.

"ಮಗಳನ್ನ ಕರೆಸು," ಎಂದರು ಅತ್ತೆ.

ಸಂಜೆ ಮಗಳು ಬಂದ ಮೇಲೆ ಎಲ್ಲರೂ ಆ ಕೋಣೆಯಲ್ಲೇ ಕುಳಿತೆವು.

"ನೀನು ಅಳಿಸಿದ್ದು ತಯಾರಾದ ಪುಟದಿಂದ," ಎಂದು ಅತ್ತೆ ಪಿಟೀಲಮ್ಮನಿಗೆ ಹೇಳಿದರು. "ಮೂಲ ಕಡತ ಹಾಗೇ ಇತ್ತು. ಪ್ರತಿ ಸಲ ಜನರೇಟರ್ ಅದರಿಂದ ಹೊಸ ಪುಟ ಮಾಡ್ತಿತ್ತು. ಯಾರೂ ಮತ್ತೆ ಬಂದು ಬರೀತಿರ್ಲಿಲ್ಲ."

"ಮೊದಲು ಬರೆದವರು ಯಾರು?"

"ಮುಂದಿನ ತಾರೀಖು ಹಾಕಿದ ಬರಹವನ್ನ ಈ ಜನರೇಟರ್ ಆ ದಿನ ಬರೋವರೆಗೂ ಪುಟಕ್ಕೆ ಸೇರಿಸಲ್ಲ. ಗುರುವಾರ ಬರೆದದ್ದು ಸೋಮವಾರ ಹೊರಗೆ ಬಂತು. ಗುರುವಾರ ನಿನ್ನ ಮೈದುನ ಇಲ್ಲಿರಲೇ ಇಲ್ಲ. ಮನೇಲಿದ್ದೋರು ನೀನು, ನಿನ್ನ ಮಗಳು. ಯಾಕೆ ಅನ್ನೋದನ್ನ ಈ ದೀಪಗಳು, ಆ ದಪ್ಪ ಅಕ್ಷರ ನೋಡಿ ಊಹಿಸಿದೆ."

ಮಗಳು ತಲೆ ತಗ್ಗಿಸಿದಳು. "ನಿನ್ನ ಕಣ್ಣು ಮಂಜಾಗಿದೆ ಅಮ್ಮ. ನೀನು ಅಂಟು ಹಾಕಿದ ಪಿಟೀಲಲ್ಲೂ ಬಿರುಕು ಹಾಗೇ ಇರ್ತಿತ್ತು. ಬೇರೆಯವರ ಹತ್ರ ಸರಿಮಾಡಿಸಿ ಗಿರಾಕಿಗಳಿಗೆ ಕೊಡ್ತಿದ್ದೆ. ಎದುರು ನಿಂತು ಹೇಳೋಕೆ ಬಾಯೇ ಬರ್ಲಿಲ್ಲ, ನಾನು ಹೋದ ಮೇಲೆ ಕಾಣ್ಲಿ ಅಂತ ಸೋಮವಾರದ ತಾರೀಖು ಹಾಕಿದೆ. ಚಿಕ್ಕಪ್ಪ ಅಷ್ಟರಲ್ಲಿ ಬರ್ತಾರೆ ಅಂತ ಗೊತ್ತಿರ್ಲಿಲ್ಲ."

ಪಿಟೀಲಮ್ಮನ ಮುಖ ನೋಡಲಾಗದೆ ನನಗೆ ಎದ್ದು ಹೋಗೋಣ ಎನ್ನಿಸಿತು. ಅವರು ಮೈದುನನತ್ತ ತಿರುಗಿದರು.

"ತಪ್ಪಾಯ್ತು ಕಣೋ. ಚೀಲ ಒಳಗಿಡು."

"ಆ ಕಡತ ತೆಗೆದುಬಿಡ್ಲಾ ಅಮ್ಮ?" ಎಂದಳು ಮಗಳು.

"ಬೇಡ. ಕೆಳಗೆ ನನ್ನ ಹೆಸರು ಹಾಕು. ನಾನೇ ಹೇಳಿದ ಹಾಗಿರ್ಲಿ."

ಮಗಳು ಅಳುತ್ತಲೇ ಬರೆದಳು. ಪುಟ ತಯಾರಿಸುವ ಆಜ್ಞೆಯನ್ನು ಪಿಟೀಲಮ್ಮ ತಾವೇ ಕೊಟ್ಟರು.