ಎರಡನೇ ಬ್ರೇಕು

ಮೂರನೇ ಲ್ಯಾಪಿನ ಕೊನೆಯ ತಿರುವಿನವರೆಗೂ ಮುನಿರಾಜನೇ ಮುಂದಿದ್ದ. ಟೈರು ಎಷ್ಟು ಸವೆದಿದೆ, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟು ಉಳಿದಿದೆ ಎಂದೆಲ್ಲ ನೋಡಿಕೊಂಡು, ಉಸಿರು ಬಿಗಿಹಿಡಿದು, ಎಲ್ಲಿ ಬ್ರೇಕ್ ಹಾಕಬೇಕೋ ಸರಿಯಾಗಿ ಅಲ್ಲೇ ಹಾಕಿದ. ಹಿಂದಿನಿಂದ ಬರುತ್ತಿದ್ದ ಗುಲಾಬಿ ಬಣ್ಣದ ಕಾರಿಗೆ ಬ್ರೇಕ್ ಎಂಬುದೊಂದು ಇದೆಯೆಂಬ ಸುದ್ದಿಯೇ ತಲುಪಿರಲಿಲ್ಲ. ಅದು ಬಂದು ಅವನ ಬಾಗಿಲಿಗೆ ಗುದ್ದಿತು, ಅವನನ್ನೇ ಗೋಡೆ ಮಾಡಿಕೊಂಡು ತಿರುಗಿತು, ಗೆಲುವಿನ ಗೆರೆ ದಾಟಿ ಪೀಂ ಪೀಂ ಎಂದು ಎರಡು ಸಲ ಹಾರ್ನ್ ಹೊಡೆಯಿತು.

ಪರದೆಯ ಮೂಲೆಯಲ್ಲಿ ಮೆಸೇಜ್ ಮೂಡಿತು. "ಥ್ಯಾಂಕ್ಸ್ ಟೆಸ್ಟರ್ ಅವರೇ. ನೀವು ಅಡ್ಡ ಇರದಿದ್ರೆ ನನ್ ಕಾರು ತಿರುಗ್ತಾನೇ ಇರ್ಲಿಲ್ಲ."

ಆನ್‌ಲೈನ್ ರೇಸಿನಲ್ಲಿ ಅವಳ ಹೆಸರು ಮಿಂಚು, ಅವನ ಹೆಸರು ಟೆಸ್ಟರ್. ನಿಜವಾದ ಹೆಸರು ಇಬ್ಬರೂ ಕೇಳಿರಲಿಲ್ಲ, ಹೇಳಿರಲಿಲ್ಲ.

"ಇದು ರೇಸಾ?" ಎಂದು ಮುನಿರಾಜ ಟೈಪ್ ಮಾಡಿದ. "ನೀರು ಹಾಕಿದ ಹಾಲು ಇದು. ನಿಜವಾದ ಕಾರು ಹಿಂಗೆ ಗುದ್ದಿದ್ರೆ ಎರಡೂ ಗುಜರಿಗೆ ಓಯ್ತವೆ."

"ನಿಜವಾದ ಕಾರು ವಾರವೆಲ್ಲ ನೋಡ್ತೀನಿ. ಭಾನುವಾರ ಒಂದಿನ ಹಾರೋ ಕಾರು ಬೇಕು."

ಹಾಲಿನ ಮಾತು ಅವನ ಬಾಯಿಗೆ ಸುಮ್ಮನೆ ಬಂದದ್ದಲ್ಲ. ಬಂಗಾರಪೇಟೆ ಪಕ್ಕದ ತನ್ನ ಹಳ್ಳಿಯ ಡೇರಿಯಲ್ಲಿ ಮುನಿರಾಜ ಹಾಲಿನ ಟೆಸ್ಟರ್. ಬೆಳಿಗ್ಗೆ ಸಂಜೆ ಸಾಲುಗಟ್ಟಿ ಬರುವ ತಂಬಿಗೆಗಳ ಹಾಲಿನಲ್ಲಿ ಹಾಲೆಷ್ಟು, ಬಾವಿಯ ಪಾಲೆಷ್ಟು ಎಂದು ಹೇಳುವುದು ಅವನ ಕೆಲಸ. ಒಮ್ಮೆ ಸ್ವಂತ ತಾಯಿ ಕದಿರಮ್ಮ ತಂದ ಹಾಲನ್ನೇ ವಾಪಸ್ ಕಳಿಸಿದ್ದ. ಕದಿರಮ್ಮ ಎರಡು ದಿನ ಅವನಿಗೆ ಸಾರಿಲ್ಲದ ಮುದ್ದೆ ಬಡಿಸಿದಳು. ಅವನು ಹಾಗೇ ನುಂಗಿದನೇ ಹೊರತು ಮಾತು ಬದಲಿಸಲಿಲ್ಲ.

ಅಂಥವನು ಗೇಮ್ ಆಡಿದರೂ ರಿಯಲ್ ಮೋಡ್‌ನಲ್ಲೇ ಆಡಬೇಕು. ಗುದ್ದಿದರೆ ಕಾರು ಕೆಡಬೇಕು, ಗೇರ್ ಕೈಯಲ್ಲೇ ಹಾಕಬೇಕು. ಹಿಂಡಿ ಡಬ್ಬದ ಮೇಲೆ ಸ್ಟೀರಿಂಗ್ ವೀಲ್ ಬಿಗಿದುಕೊಂಡು ಬೆವರು ಸುರಿಸುವ ಮಗನನ್ನು ನೋಡಿ ಕದಿರಮ್ಮ, "ಏನ್ಲಾ ಇದು, ಕುಂತ ಜಾಗದಲ್ಲೇ ಎಲ್ಲಿಗ್ಲಾ ಓಯ್ತಿದ್ದೀಯ?" ಎನ್ನುತ್ತಿದ್ದಳು. ಮಿಂಚುಗೆ ಮಾತ್ರ ಫನ್ ಮೋಡ್ ಬೇಕು. ರಾಕೆಟ್ ಬೇಕು, ಕಾಮನಬಿಲ್ಲಿನ ಮೇಲೆ ಓಡುವ ರೋಡು ಬೇಕು. ಒಂದು ರೇಸ್ ಅವನಿಷ್ಟದಂತೆ, ಮುಂದಿನದು ಅವಳಿಷ್ಟದಂತೆ ಎಂದು ರಾಜಿಯಾಗಿತ್ತು. ಮೂರು ತಿಂಗಳಲ್ಲಿ ರೇಸ್ ಕಡಿಮೆಯಾಗಿ ಜಗಳ ಜಾಸ್ತಿಯಾಯಿತು. ಆಮೇಲೆ ಜಗಳವೂ ಕಡಿಮೆಯಾಗಿ ಬರೀ ಮಾತಾಯಿತು. ಅವಳು ಕೆಜಿಎಫ್‌ನಲ್ಲಿ ಟೀಚರ್ ಎಂದು ಗೊತ್ತಾಯಿತು. ಭಾನುವಾರ ಇನ್ನೂ ಎಷ್ಟು ದಿನ ಎಂದು ಬೆರಳಲ್ಲಿ ಎಣಿಸತೊಡಗಿದಾಗ ಮುನಿರಾಜನಿಗೆ ತನ್ನ ಕಾಯಿಲೆ ಏನೆಂದು ಅರ್ಥವಾಯಿತು.

ಒಂದು ಭಾನುವಾರ ಮಿಂಚು ಕೇಳಿದಳು. "ಇಷ್ಟೊಂದು ರಿಯಲ್ ರಿಯಲ್ ಅಂತೀರಲ್ಲ, ನಿಜವಾದ ಕಾರು ಓಡಿಸ್ತೀರಾ?"

ಮುನಿರಾಜನ ಬೆರಳುಗಳು ಅವನನ್ನು ಕೇಳದೆಯೇ ಉತ್ತರ ಕೊಟ್ಟವು. "ಅದೇನು, ನೀರು ಕುಡಿದಷ್ಟು ಸುಲಭ."

"ಹಾಗಾದ್ರೆ ಮೂರು ವಾರ ಬಿಟ್ಟು ಭಾನುವಾರ ಮೂರು ಗಂಟೆಗೆ ಕೆಜಿಎಫ್‌ನ ಊರಿಗಾಂ ಸ್ಟೇಷನ್ ಹತ್ರ ಬನ್ನಿ. ಕಾರು ನಂದು, ಡ್ರೈವಿಂಗ್ ನಿಮ್ದು. ಬಂಗಾರಪೇಟೆಗೆ ಹೋಗಿ ಪಾನಿಪುರಿ ತಿನ್ನೋಣ."

ಅವನು "ಆಗ್ಲಿ" ಎಂದು ಕಳಿಸಿಬಿಟ್ಟ.

ನಿಜ ಏನೆಂದರೆ, ಮುನಿರಾಜನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಹದಿನೇಳನೇ ವಯಸ್ಸಿನಲ್ಲಿ ಚಿಕ್ಕಪ್ಪ ಮುನಿಸ್ವಾಮಪ್ಪನ ಟ್ರ್ಯಾಕ್ಟರ್ ಹತ್ತಿ, ಡೇರಿ ಮುಂದೆ ಸಾಲಾಗಿಟ್ಟಿದ್ದ ಹನ್ನೊಂದು ಕ್ಯಾನ್ ಹಾಲನ್ನು ಚರಂಡಿಗೆ ಕುಡಿಸಿದ್ದ. ಊರಿನ ನಾಯಿಗಳು ಇವತ್ತಿಗೂ ಅವನನ್ನು ಕಂಡರೆ ಬಾಲ ಅಲ್ಲಾಡಿಸುತ್ತವೆ. ಅಂದಿನಿಂದ ಎಂಜಿನ್ ಇರುವ ಯಾವುದರ ಮುಂದೆ ಕೂತರೂ ಅವನ ಅಂಗೈ ಒದ್ದೆಯಾಗುತ್ತಿತ್ತು. ಊರವರ ಹಾಲಿನಲ್ಲಿ ನೀರು ಹುಡುಕುವ ತಾನೇ ಸುಳ್ಳು ಹೇಳಿದ್ದಾಯಿತು. ಇದು ಗೊತ್ತಾದರೆ ಮಿಂಚು ಕೈತಪ್ಪಿ ಹೋಗುತ್ತಾಳೆ. ಉಳಿದಿರುವುದು ಒಂದೇ ದಾರಿ, ಮೂರು ವಾರದೊಳಗೆ ಸುಳ್ಳನ್ನು ನಿಜ ಮಾಡುವುದು.

ಕಲಿಯುವವರ ಲೈಸೆನ್ಸ್ ಮಾಡಿಸಿಕೊಂಡು, ಊರವರ ಕಣ್ಣಿಗೆ ಬೀಳದಂತೆ ಕೆಜಿಎಫ್‌ನ ಆಂಡರ್ಸನ್‌ಪೇಟೆಯ ಇಂದ್ರಾಣಿ ಡ್ರೈವಿಂಗ್ ಸ್ಕೂಲಿಗೆ ಸೇರಿದ. ಹದಿನೈದು ಪಾಠ. ಬೆಳಗಿನ ಹಾಲು ಮುಗಿಸಿ ರೈಲು ಹತ್ತಿ ಬಂದರೆ, ಸ್ಕೂಲಿನ ಮುಂದೆ ಎಲ್ ಬೋರ್ಡಿನ ಹಳೆಯ ಕೆಂಪು ಕಾರು ನಿಂತಿತ್ತು. ಬಾನೆಟ್ಟಿಗೆ ಒರಗಿಕೊಂಡು, ಕಪ್ಪು ಗಾಗಲ್ ಹಾಕಿಕೊಂಡು ಒಬ್ಬಳು ಸೀಬೆಕಾಯಿಗೆ ಉಪ್ಪುಖಾರ ಹಚ್ಚಿ ತಿನ್ನುತ್ತಿದ್ದಳು.

"ಇಂದ್ರಾಣಿ ಮೇಡಂ?"

"ಅದು ನಮ್ಮಮ್ಮ. ಕಲಿಸೋದು ನಾನು, ಶ್ಯಾಮಲ." ಅವನು ತುಂಬಿದ ಫಾರಂ ತೆಗೆದುಕೊಂಡು ಓದಿದಳು. ಉದ್ಯೋಗ: ಹಾಲಿನ ಟೆಸ್ಟರ್. ಅವಳ ಹಲ್ಲು ಸೀಬೆಕಾಯಿಯಲ್ಲೇ ಒಂದು ಕ್ಷಣ ನಿಂತಿತು. "ಹತ್ತಿ," ಎಂದಳು.

ಎಡಗಡೆ ಸೀಟಿನ ಕೆಳಗೆ ಇನ್ನೊಂದು ಬ್ರೇಕಿತ್ತು. ಶ್ಯಾಮಲ ಕೂತ ತಕ್ಷಣ ಅವಳ ಪಾದ ತಾನಾಗಿ ಅದರ ಮೇಲೆ ಹೋಗಿ ಕೂತಿತು. ಗಣಿಯ ಬಿಳಿ ಮಣ್ಣಿನ ದಿಬ್ಬದ ಪಕ್ಕದ ಖಾಲಿ ಬಯಲಿನಲ್ಲಿ ಏಳು ಸಲ ಕಾರು ಆಫ್ ಆದ ಮೇಲೆ, ಅವನ ಮುಖ ನೋಡಲಾಗದೆ ಅವಳು ಹೇಳಿದಳು. "ನೀವು ಹಾಲು ಕರೆಯೋರಲ್ವಾ? ಎಮ್ಮೆ ಕಾಲ ಹತ್ರ ಕೂತಿದ್ದೀನಿ ಅಂದ್ಕೊಳ್ಳಿ. ದಡಬಡ ಮಾಡಿದ್ರೆ ಒದೆಯುತ್ತೆ. ಕ್ಲಚ್ಚು ಮೆಲ್ಲಗೆ ಬಿಡಿ."

ಎಂಟನೇ ಸಲ ಕಾರು ಹೊರಟಿತು. ಹೊರಟ ಖುಷಿಯಲ್ಲಿ ಬಯಲಿನಿಂದ ರೋಡಿಗಿಳಿದ ಮುನಿರಾಜ ಮೊದಲ ತಿರುವಿನಲ್ಲೇ ಬಲಗಡೆಯ ಅಂಚಿನಿಂದ ಎಡಗಡೆಯ ಅಂಚಿಗೆ ಕಾರು ಎಳೆದ. ಸೊಪ್ಪಿನ ಗಾಡಿಗೆ ಒಂದು ಗೇಣು ಉಳಿದಿರುವಾಗ ಎರಡನೇ ಬ್ರೇಕು ಕೆಲಸ ಮಾಡಿತು.

ಗಾಡಿಯವನು ತೆಲುಗಿನಲ್ಲಿ ಶುರು ಮಾಡಿದ. ಶ್ಯಾಮಲ ತೆಲುಗಿನಲ್ಲೇ ಸಮಾಧಾನ ಮಾಡಿದಳು. ಹಿಂದೆ ಹಾರ್ನ್ ಹೊಡೆಯುತ್ತಿದ್ದ ಆಟೋದವನಿಗೆ "ಇರುಪ್ಪಾ, ಪೋಲಾಂ" ಎಂದು ತಮಿಳಿನಲ್ಲಿ ಕಾಯಲು ಹೇಳಿ, ಕನ್ನಡಕ್ಕೆ ಬಂದಳು. "ಅಡ್ಡಡ್ಡ ಯಾಕೆ ಹೋದ್ರಿ?"

"ಅಪೆಕ್ಸು ಮೇಡಂ," ಎಂದ ಮುನಿರಾಜ, ಬೆವರು ಒರೆಸಿಕೊಳ್ಳುತ್ತ. "ತಿರುವಿನ ಒಳ ತುದಿ. ಅಲ್ಲಿಗೆ ತಾಗಿಸ್ಕೊಂಡು ಓದ್ರೆ ಅರ್ಧ ಸೆಕೆಂಡ್ ಉಳಿಯುತ್ತೆ."

ಶ್ಯಾಮಲ ಕಿಟಕಿ ಕಡೆ ಮುಖ ತಿರುಗಿಸಿಕೊಂಡಳು. ಅವಳ ಭುಜ ಅಲುಗಾಡಿತು. ದೂಳಿಗೆ ಕೆಮ್ಮು ಬಂದಿರಬೇಕೆಂದು ಅವನು ತನ್ನ ಕಡೆಯ ಕಿಟಕಿ ಏರಿಸಿದ.

ಟೆಸ್ಟರ್ ಯಾರೆಂದು ಅವಳಿಗೆ ಆ ಗಳಿಗೆಯಲ್ಲೇ ಖಾತ್ರಿಯಾಗಿತ್ತು. ಟೀಚರ್ ಎಂದೊಡನೆ ಕರಿಹಲಗೆಯನ್ನು ಕಲ್ಪಿಸಿಕೊಂಡಿದ್ದ ಮುನಿರಾಜನಿಗೆ ಮಾತ್ರ, ಪಕ್ಕದಲ್ಲಿ ಕೂತಿರುವವಳೇ ಮಿಂಚು ಎಂದು ಹೊಳೆಯಲಿಲ್ಲ. ಪ್ರತಿಯೊಬ್ಬರ ಹಾಲನ್ನೂ ಅಳೆಯುವವನ ಬುದ್ಧಿ ಇಷ್ಟು ತೆಳ್ಳಗಿರಬಹುದೆಂದು ಯಾರು ಅಂದುಕೊಂಡಾರು.

ಆ ಭಾನುವಾರ ಮಿಂಚು ಮುಗ್ಧವಾಗಿ ಕೇಳಿದಳು. "ಈ ವಾರ ಕಾರು ಓಡಿಸಿದ್ರಾ?"

"ದಿನಾ," ಎಂದು ಅವನು ಬರೆದ. ಅಷ್ಟರಮಟ್ಟಿಗೆ ನಿಜವೇ.

"ಸ್ಪೀಡ್ ಎಷ್ಟು?"

"ಅದೆಲ್ಲ ಏಳ್ಕೋಬಾರ್ದು."

ಗುಲಾಬಿ ಕಾರು ನಗುತ್ತ ನಗುತ್ತ ಗೋಡೆಗೆ ಗುದ್ದಿತು.

ಪಾಠ ಮುಂದುವರಿಯಿತು. ಕಾರಿನ ಮುಂದಿನ ಗಾಜಿಗೆ ಎರಡು ಕನ್ನಡಿ ಅಂಟಿಸಿದ್ದರು, ಒಂದು ಅವನಿಗೆ, ಒಂದು ಅವಳಿಗೆ. ಅವನು ತನ್ನದರಲ್ಲಿ ಹಿಂದಿನ ಬಸ್ಸು ನೋಡಬೇಕಾದಾಗಲೆಲ್ಲ ಪಕ್ಕದ್ದರಲ್ಲಿ ಅವಳು ಸಿಗುತ್ತಿದ್ದಳು. ಗಾಗಲ್ ಹಣೆಗೇರಿಸಿದಾಗ ಕಾಣುವ ಕಣ್ಣು, ತುಟಿಯ ಅಂಚಿನಲ್ಲಿ ಉಳಿದ ಒಂದು ಚೂರು ಖಾರದ ಪುಡಿ.

"ಕನ್ನಡಿ ನೋಡಿ ಅಂದದ್ದು ರೋಡಿಗೋಸ್ಕರ," ಎಂದಳು ಅವಳು ಒಂಬತ್ತನೇ ದಿನ, ಮುಂದೆ ನೋಡಿಕೊಂಡೇ.

"ರೋಡೇ ನೋಡ್ತಿದ್ದೆ ಮೇಡಂ."

"ರೋಡಿನ ಕಣ್ಣಿಗೆ ಕಾಡಿಗೆ ಇತ್ತಾ?"

ಮುನಿರಾಜನ ಕೈಯಲ್ಲಿ ಗೇರು ಎರಡರಿಂದ ನೇರ ನಾಲ್ಕಕ್ಕೆ ಬಿತ್ತು.

ಊರಿಗೆ ವಾಪಸ್ಸಾಗುವ ರೈಲಿನಲ್ಲಿ ಅವನು ತಲೆತಗ್ಗಿಸಿ ಕೂತ. ಭಾನುವಾರವೆಲ್ಲ ಮಿಂಚು, ವಾರವೆಲ್ಲ ಮೇಡಂ. ಮಿಂಚುವಿನ ಮೆಸೇಜ್ ಬಂದರೆ ಎದೆ ಹಗುರಾಗುತ್ತದೆ, ಮೇಡಂ ಬೈದರೂ ಹಗುರಾಗುತ್ತದೆ. ಅವನು ಅಂಥವನಾಗಿರಲಿಲ್ಲ. ಯಾವತ್ತೂ ಒಬ್ಬಳ ಹತ್ತಿರವೂ ಮಾತಾಡದವನು ಈಗ ಇಬ್ಬರಿಗೆ ಮೋಸ ಮಾಡುತ್ತಿದ್ದಾನೆ. ಹದಿನೈದನೇ ಪಾಠ ಮುಗಿಯುವ ಹೊತ್ತಿಗೆ ಕಾರು ಅವನ ಮಾತು ಕೇಳುತ್ತಿತ್ತು, ಆದರೆ ಮನಸ್ಸು ಕೇಳುತ್ತಿರಲಿಲ್ಲ. ಮಿಂಚುವಿನ ಮುಂದೆ ಎಲ್ಲ ಹೇಳಿಬಿಡುವುದೆಂದು ಅವನು ನಿರ್ಧರಿಸಿದ. ಆಮೇಲೆ ಅವಳು ಉಗಿದು ಕಳಿಸಿದರೆ ಉಗಿಸಿಕೊಳ್ಳುವುದು.

ಭಾನುವಾರ ಸಂಜೆಯ ಹಾಲನ್ನು ಬೇರೆಯವರಿಗೆ ಒಪ್ಪಿಸಿ, ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಊರಿಗಾಂ ಸ್ಟೇಷನ್ನಿನಲ್ಲಿ ಇಳಿದ. ಹೊರಗೆ ಬೇವಿನ ಮರದ ಕೆಳಗೆ ಎಲ್ ಬೋರ್ಡಿನ ಕೆಂಪು ಕಾರು. ಪಕ್ಕದಲ್ಲಿ ಶ್ಯಾಮಲ, ಮಲ್ಲಿಗೆ ಮುಡಿದಿದ್ದಳು.

"ಮೇಡಂ, ನೀವ್ಯಾಕೆ ಇಲ್ಲಿ?" ಎಂದ ಮುನಿರಾಜ.

"ಒಬ್ಬರನ್ನ ಪಿಕಪ್ ಮಾಡ್ಬೇಕಿತ್ತು. ನೀವು?"

"ನಾನೂ ಒಬ್ಬರಿಗೆ ಕಾಯ್ತಿದ್ದೀನಿ. ದಯವಿಟ್ಟು ಸ್ವಲ್ಪ ಆ ಕಡೆ ಓಗಿರಿ. ಆ ಹುಡ್ಗಿಗೆ ಎರಡು ಮಾತು ಏಳ್ಬೇಕು. ನೀವಿದ್ರೆ ನಾಲಿಗೆ ಹೊರಳಲ್ಲ."

"ಪ್ರಾಕ್ಟೀಸ್ ಇಲ್ದೆ ರೋಡಿಗೆ ಇಳೀಬಾರ್ದು ಅಂತ ಕಲಿಸಿದ್ದೀನಲ್ಲ," ಎಂದಳು ಶ್ಯಾಮಲ. "ನನ್ ಮುಂದೆ ಒಂದು ಸಲ ಹೇಳಿ ನೋಡಿ. ನಾನೇ ಆ ಹುಡುಗಿ ಅಂದ್ಕೊಳ್ಳಿ."

ಅವನಿಗೆ ಅದೂ ಸರಿಯೆನಿಸಿತು. ಎರಡು ಕೈ ಹಿಂದಕ್ಕೆ ಕಟ್ಟಿಕೊಂಡು, ನೆಲ ನೋಡುತ್ತ ಶುರು ಮಾಡಿದ.

"ಒಂದನೇದು, ನಿಮ್ಗೆ ಸುಳ್ಳು ಏಳಿದ್ದೆ. ನಂಗೆ ಡ್ರೈವಿಂಗ್ ಬರ್ತಿರ್ಲಿಲ್ಲ. ಊರವರ ಹಾಲಲ್ಲಿ ನೀರು ಹಿಡಿಯೋನು, ನನ್ ಹಾಲಲ್ಲೇ ನೀರಿತ್ತು. ಈಗ ಒಸಿ ಕಲ್ತಿದ್ದೀನಿ, ಒಬ್ಬರು ತುಂಬಾ ತಾಳ್ಮೆಯಿಂದ ಕಲಿಸಿದ್ರು."

"ಎರಡನೇದು?"

"ಮೂರು ತಿಂಗ್ಳಿಂದ ನಿಮ್ ಮೇಲೆ ಮನಸ್ಸಿದೆ. ಈಗ ಇನ್ನೊಬ್ಬರ ಮೇಲೂ ಬಂದ್ಬಿಟ್ಟಿದೆ. ಎರಡು ಮನೆ ಹಾಲು ಒಂದೇ ಕ್ಯಾನಿಗೆ ಉಯ್ದು, ಒಬ್ಬರ ಹೆಸರು ಬರೀಬಾರ್ದು. ಅದಕ್ಕೆ ನಿಮ್ಗೆ ಏಳ್ಬಿಡ್ತಿದ್ದೀನಿ."

"ಆ ಇನ್ನೊಬ್ಬರು ಯಾರು?"

ಮುನಿರಾಜ ಎಲ್ ಬೋರ್ಡ್ ಕಡೆ ನೋಡಿದ, ತಕ್ಷಣ ಬೇವಿನ ಮರದ ಕಡೆ ನೋಡಿದ. "ಅದು ಬ್ಯಾಡ ಮೇಡಂ. ಮೊದ್ಲು ಆ ಹುಡ್ಗಿ ಬೈದು ಕಳಿಸ್ಲಿ. ಆಮೇಲೆ ನಿಮ್ಗೆ ಏಳ್ತೀನಿ. ಸರದಿ ಪ್ರಕಾರ."

ಶ್ಯಾಮಲ ಗಾಗಲ್ ತೆಗೆದಳು. ಕಣ್ಣು ತುಂಬಿತ್ತು, ತುಟಿ ಮಾತ್ರ ನಗು ಕಚ್ಚಿ ಹಿಡಿದಿತ್ತು. ಫೋನ್ ತೆಗೆದು ಏನೋ ಟೈಪ್ ಮಾಡಿದಳು. ಮುನಿರಾಜನ ಜೇಬು ಗುಂಯ್‌ಗುಟ್ಟಿತು.

ಮಿಂಚು: "ಟೆಸ್ಟರ್ ಅವರೇ, ಎಷ್ಟು ಪರ್ಸೆಂಟ್ ನೀರು?"

ಅವನು ಗಾಬರಿಯಿಂದ ರೋಡಿನ ಎರಡೂ ಕಡೆ ನೋಡಿದ. "ಮೇಡಂ, ಅವ್ಳು ಇಲ್ಲೇ ಎಲ್ಲೋ ನಿಂತ್ಕೊಂಡು ಕೇಳಿಸ್ಕೊಂಡವ್ಳೆ."

ಶ್ಯಾಮಲ ಒಂದು ನಿಟ್ಟುಸಿರು ಬಿಟ್ಟು, ಕಿಟಕಿಯೊಳಗೆ ಕೈ ಹಾಕಿ ಹಾರ್ನ್ ಒತ್ತಿದಳು. ಪೀಂ ಪೀಂ.

ಮುನಿರಾಜ ಕಾರು ನೋಡಿದ. ಫೋನ್ ನೋಡಿದ. ಕೊನೆಗೆ ಅವಳನ್ನು ನೋಡಿದ. ಹದಿನೈದು ದಿನದಲ್ಲಿ ಮೊದಲ ಬಾರಿಗೆ, ಕನ್ನಡಿಯ ಸಹಾಯವಿಲ್ಲದೆ.

"ಯಾವಾಗಿಂದ ಗೊತ್ತು?"

"ಅಪೆಕ್ಸ್‌ನಿಂದ."

"ಮತ್ತೆ ಹದಿನೈದು ದಿನ ಸುಮ್ನಿದ್ರಲ್ಲ."

"ನನ್ ಹಾಲಲ್ಲೂ ನೀರಿದೆ," ಎಂದಳು ಶ್ಯಾಮಲ, ಧ್ವನಿ ತಗ್ಗಿಸಿ. "ಮಿಂಚು ನಿಮಗೆ ಇಷ್ಟ ಅಂತ ಗೊತ್ತಿತ್ತು. ಬಿಸಿಲಲ್ಲಿ ಕೂತು ಬೈಯೋ ಮೇಡಂ ಇಷ್ಟ ಆಗ್ತಾಳಾ ಅಂತ ಗೊತ್ತಿರ್ಲಿಲ್ಲ. ತಿಳ್ಕೊಳ್ದೆ ಹೇಳೋಕೆ ಭಯ ಆಯ್ತು."

ಸ್ಟೇಷನ್ನಿನ ಮೆಟ್ಟಿಲ ಮೇಲೆ ಕೂತಿದ್ದ ಮುದುಕಿಯೊಬ್ಬಳು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ ಎಲೆಅಡಿಕೆ ಉಗಿದಳು. ಮುನಿರಾಜನಿಗೆ ಅದೂ ಆಶೀರ್ವಾದದಂತೆ ಕಂಡಿತು.

"ಒಂದು ಕೇಳ್ಲಾ?" ಎಂದ ಅವನು. "ಇಷ್ಟು ಚೆಂದ ಕಾರು ಓಡಿಸೋರು, ಗೇಮಲ್ಲಿ ಯಾಕೆ ಹಂಗೆ ಗುದ್ದುತ್ತೀರಿ?"

"ದಿನಾ ಎಂಟು ಗಂಟೆ ಬೇರೆಯವರ ಭಯಕ್ಕೆಲ್ಲ ನಾನು ಬ್ರೇಕ್ ಹಾಕ್ತೀನಿ. ನಿದ್ದೆಯಲ್ಲೂ ಕಾಲು ಒತ್ತುತ್ತೆ ಅಂತ ಅಮ್ಮ ಬೈತಾಳೆ. ಗೇಮಲ್ಲಾದ್ರೂ ಬ್ರೇಕ್ ಇಲ್ದೆ ಇರ್ಬೇಕು ಅನ್ಸುತ್ತೆ. ನೀವ್ಯಾಕೆ ಅಷ್ಟೊಂದು ರಿಯಲ್?"

"ಒಂದಿನ ನಿಜ ಆಗ್ಲಿ ಅಂತ," ಎಂದ ಮುನಿರಾಜ.

ಅವಳು ಕೀ ಕೊಟ್ಟಳು. ಅವನು ಸೀಟು ಸರಿಮಾಡಿಕೊಂಡು, ಬೆಲ್ಟ್ ಹಾಕಿ, ಕನ್ನಡಿ ನೋಡಿ, ಕ್ಲಚ್ಚು ಮೆಲ್ಲಗೆ ಬಿಟ್ಟ. ಎಮ್ಮೆ ಒದೆಯಲಿಲ್ಲ. ಊರಿಗಾಂ ಹಿಂದೆ ಸರಿಯಿತು, ಬಿಳಿ ದಿಬ್ಬಗಳು ಸರಿದವು, ಬಂಗಾರಪೇಟೆಯ ರೋಡು ಬಂತು. ಮುಳ್ಳು ಇಪ್ಪತ್ತೆಂಟು ದಾಟಲಿಲ್ಲ. ಹಾಲಿನ ಟೆಂಪೊ ಮುಂದೆ ಹೋಯಿತು, ಒಂದು ಟ್ರ್ಯಾಕ್ಟರ್ ಹೋಯಿತು, ಮೊಪೆಡ್ಡಿನಲ್ಲಿ ಕೋಳಿ ಕಟ್ಟಿಕೊಂಡವನೂ ತಿರುಗಿ ನೋಡಿಕೊಂಡು ಹೋದ.

ಮೊದಲ ದೊಡ್ಡ ತಿರುವು ಕಂಡಾಗ ಅವನ ಅಂಗೈ ಹಳೆಯ ರೂಢಿಯಂತೆ ಒದ್ದೆಯಾಯಿತು. ಧೈರ್ಯಕ್ಕೆಂದು ಎಡಗಡೆ ಕೆಳಗೆ ಕಣ್ಣು ಹಾಯಿಸಿದ. ಎರಡನೇ ಬ್ರೇಕಿನ ಪಕ್ಕ ಒಂದು ಜೊತೆ ಚಪ್ಪಲಿ ಬಿದ್ದಿದ್ದವು, ಪಾದಗಳಿರಲಿಲ್ಲ. ಶ್ಯಾಮಲ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕಿಟಕಿಗೆ ತಲೆಯೊರಗಿಸಿ, ಗಾಳಿಗೆ ಕಣ್ಣು ಮುಚ್ಚಿದ್ದಳು.

"ಮೇಡಂ, ಬ್ರೇಕು?"

"ನಿಮ್ಮ ಹತ್ರ ಒಂದಿದೆಯಲ್ಲ," ಎಂದಳು ಅವಳು, ಕಣ್ಣು ತೆರೆಯದೆ.

ಮುನಿರಾಜ ಎಲ್ಲಿ ಹಾಕಬೇಕೋ ಅಲ್ಲೇ ಬ್ರೇಕ್ ಹಾಕಿದ. ಕಾರು ತನ್ನ ಎಡಗಡೆಯಲ್ಲೇ ಇದ್ದುಕೊಂಡು ತಿರುವು ದಾಟಿತು. ಬಂಗಾರಪೇಟೆ ತಲುಪುವವರೆಗೂ ಆ ಚಪ್ಪಲಿಗಳು ಅಲ್ಲೇ ಬಿದ್ದಿದ್ದವು.