ಉಳವಪ್ಪನ ಇಮಿನೆಂಟ್ ಮದುವೆ

"ಅಲ್ಲೇ ನಿಲ್ರಿ! ಒಂದ ಹೆಜ್ಜಿ ಮುಂದ ಇಟ್ರ ನೋಡ್ರಿ ಮತ್ತ!"

ಉಳವಪ್ಪ ನಿಂತ. ನಿಂತದ್ದು ಒಂಟಿ ಕಾಲಿನ ಮೇಲೆ! ಗಾಳಿಯಲ್ಲಿದ್ದ ಇನ್ನೊಂದು ಕಾಲಿನ ಕೆಳಗೆ, ಅಂಗಳದ ಉದ್ದಕ್ಕೂ, ಮಗ್ಗಕ್ಕೆ ಏರಿಸಬೇಕಾದ ಹಸಿರು ನೂಲಿನ ಹಾಸು ಬಿಗಿಯಾಗಿ ಹರಡಿತ್ತು.

"ಹಾಸು ದಾಟತಾರೇನ್ರಿ ಯಾರಾದ್ರೂ? ನಮ್ಮ ರೊಟ್ಟಿ ಅದು!" ಎಂದಳು ಗಂಗಾದೇವಿ, ಸೊಂಟದ ಮೇಲೆ ಕೈಯಿಟ್ಟುಕೊಂಡು.

"ತಪ್ಪಾತ್ರಿ... ನಾ ಖಾನಾಪುರದಾಂವ. ಗಾಡಿ ತಡಾ ಆತು. ಇಂಗ್ಲಿಷ್ ಕ್ಲಾಸ್ ಎಲ್ಲೈತ್ರಿ?"

ಅವಳು ಅಟ್ಟದ ಕಡೆ ಬೆರಳು ತೋರಿಸಿದಳು. ಆತ ಬೆರಳನ್ನು ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದ.

"ಮೊದಲ ಕಾಲು ಕೆಳಗ ಇಡ್ರಿ... ಆ ಕಡೆ!" ಎನ್ನುವಷ್ಟರಲ್ಲಿ ಅವಳಿಗೆ ನಗು ತಡೆಯಲಾಗಲಿಲ್ಲ.

ಅದು ೧೯೭೮. ಶಹಾಪುರದ ಆ ಮನೆ ನೇಕಾರ ಗುರುಪುತ್ರಪ್ಪನದು. ಕೆಳಗೆ ಅವನ ಪವರ್‌ಲೂಮುಗಳು, ಮೇಲೆ ಅಟ್ಟದಲ್ಲಿ ಬಸಯ್ಯ ಮಾಸ್ತರರ ಕ್ಲಾಸು. ಬ್ಯಾಂಕಿನ ಪರೀಕ್ಷೆಗೆ ಕೂತ ಹುಡುಗ ಹುಡುಗಿಯರಿಗೆ ದೊಡ್ಡ ದೊಡ್ಡ ಇಂಗ್ಲಿಷ್ ಶಬ್ದ ಕಲಿಸುವುದು ಅವರ ಕೆಲಸ. ಗುರುಪುತ್ರಪ್ಪನ ಮಗಳು ಗಂಗಾದೇವಿಯೂ ಅಲ್ಲೇ ಕಲಿಯುತ್ತಿದ್ದಳು. ಕೆಳಗಿನ ಮಗ್ಗಗಳ ಖಟಾಖಟ್ ಸದ್ದಿನಲ್ಲಿ ಪಾಠ ಹೇಳುವವರೂ ಕೇಳುವವರೂ ಗಂಟಲು ಹರಿದುಕೊಳ್ಳಲೇಬೇಕು.

ಹೊಸಬನೆಂದು ಮಾಸ್ತರರು ಉಳವಪ್ಪನಿಗೇ ಮೊದಲ ಶಬ್ದ ಕೊಟ್ಟರು. "ಇಮಿನೆಂಟ್! ಅರ್ಥ ಹೇಳು, ಆಮ್ಯಾಲೆ ವಾಕ್ಯ ಮಾಡು!"

"ಇನ್ನೇನು ಆಗೇ ಬಿಡ್ತೈತಿ ಅನ್ನೂವಂಥಾದ್ರಿ!"

"ಶಾಬಾಸ್! ವಾಕ್ಯ?"

ಉಳವಪ್ಪ ಛಾವಣಿ ನೋಡಿದ, ಗೋಡೆ ನೋಡಿದ. ಎದುರಿನ ಸಾಲಿನಲ್ಲಿ ಗಂಗಾದೇವಿ ಇನ್ನೂ ಸೆರಗಿನ ಮರೆಯಲ್ಲಿ ನಗುತ್ತಿದ್ದಳು. ಆತ ಎದೆ ತುಂಬ ಉಸಿರೆಳೆದು ಕೂಗಿದ.

"ಮೈ ಮ್ಯಾರೇಜ್ ಈಸ್ ಇಮಿನೆಂಟ್!"

ಸರಿಯಾಗಿ ಅದೇ ಗಳಿಗೆಗೆ ಕರೆಂಟ್ ಹೋಗಬೇಕೆ! ಮಗ್ಗಗಳೆಲ್ಲ ನಿಂತವು. ಆ ಕೂಗು ಓಣಿಯ ಆಚೆ ತುದಿಗೂ ಕೇಳಿಸಿತು.

"ಏನಂದ ಆ ಹುಡುಗ?" ಕೆಳಗಿನಿಂದ ಗಂಗಾದೇವಿಯ ತಾಯಿ ಸಾವಂತ್ರವ್ವ ಕೇಳಿದಳು.

"ಆಂವನ ಲಗ್ನ ಅಂತ್ರಿ ಅತ್ತೀ! ಇನ್ನೇನು ಬಂದs ಬಿಡ್ತಂತ!" ಎಂದ ಸಹಪಾಠಿ ಮಜೀದ.

ಸಾವಂತ್ರವ್ವ ಸುಮ್ಮನಿರುವ ಪೈಕಿಯಲ್ಲ. ಕುಂದಾ ತಂದು ಮದುಮಗನ ಬಾಯಿ ಸಿಹಿ ಮಾಡಿಯೇ ಬಿಟ್ಟಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಗಂಗಾದೇವಿಯ ನಗು ಮಾತ್ರ ಎಲ್ಲೋ ಮಾಯವಾಗಿತ್ತು.

‘ಆಂವನ ಲಗ್ನ ಆದ್ರ ನನಗೇನು? ಆದ್ರ... ಅಂಗಳದಾಗ ಹಂಗ ನೋಡಿದ್ದ್ಯಾಕ ಮತ್ತ?’

ಮೆಟ್ಟಿಲು ಇಳಿಯುವಾಗ ಮಜೀದ ಹೊಸಬನಿಗೆ ಕ್ಲಾಸಿನ ಪದ್ಧತಿ ವಿವರಿಸುತ್ತಿದ್ದ. "ಇಲ್ಲಿ ವಾಕ್ಯ ಅಂದ್ರ ಖರೇ ಇರಬೇಕು ದೋಸ್ತ. ನಾ ‘ಐ ಆಮ್ ಪಂಕ್ಚುವಲ್’ ಅಂದು ಮರುದಿನಾನ ತಡಾ ಮಾಡಿ ಬಂದ್ನಿ. ಮಾಸ್ತರ್ರು ಏನಂದ್ರು ಗೊತ್ತೇನು? ಸುಳ್ಳು ವಾಕ್ಯಾ ಅಳಸೂದಲ್ಲ, ಖರೇ ಮಾಡೂದು! ಅವತ್ತಿನಿಂದ ಕ್ಲಾಸಿನ ಕೀಲಿ ನನ್ನ ಹಂತ್ಯಾಕ. ಎಲ್ಲಾರಕಿಂತ ಮೊದಲ ಬಂದು ಬಾಗಲಾ ತೆಗ್ಯಾಂವ ನಾನs."

"ಸುಳ್ಳು ಹೇಳೋರ ಮಾರಿ ಸುದ್ಧಾ ನಾ ನೋಡಾಂಗಿಲ್ಲ," ಎಂದಳು ಗಂಗಾದೇವಿ, ಯಾರ ಮೇಲಿನ ಸಿಟ್ಟೋ ಮಜೀದನ ಮೇಲೆ ತೀರಿಸಿಕೊಳ್ಳುತ್ತ.

ಉಳವಪ್ಪನಿಗೆ ಕುಂದಾ ಗಂಟಲಿಗೆ ಸಿಕ್ಕು ಕೆಮ್ಮು ಬಂತು. ಯಾಕೆ ಕೆಮ್ಮಿದನೆಂದು ಅವಳಿಗೆ ಆಗ ತಿಳಿಯಲಿಲ್ಲ.

ಮಳೆಗಾಲ ಹೋಗಿ ಚಳಿ ಬಂತು. ರವಿವಾರಕ್ಕೊಮ್ಮೆ ಉಳವಪ್ಪ ಬರುತ್ತಿದ್ದ. ಅಂಗಳದಲ್ಲಿ ಹಾಸು ಇದ್ದರೆ ಗೋಡೆಗುಂಟ ಪೂರ್ತಿ ಸುತ್ತು ಹಾಕಿಯೇ ಅಟ್ಟ ಹತ್ತುತ್ತಿದ್ದ. ಗಂಗಾದೇವಿ ನೋಡಬಾರದೆಂದು ತೀರ್ಮಾನಿಸಿ ಪ್ರತಿ ಸಲವೂ ನೋಡುತ್ತಿದ್ದಳು.

ಒಮ್ಮೆ ಅವನಿಗೆ ‘ರಿಲಕ್ಟಂಟ್’ ಬಂತು. "ಅಂದ್ರ ಮನಸ್ಸಿಲ್ಲದ ಮನಸ್ಸಿಲೆ ಮಾಡೂದ್ರಿ," ಎಂದವನು, ನೇರ ಅವಳನ್ನೇ ನೋಡಿ, "ಐ ಆಮ್ ರಿಲಕ್ಟಂಟ್ ಟು ಗೋ ಬ್ಯಾಕ್ ಟು ಖಾನಾಪುರ!" ಎಂದುಬಿಟ್ಟ.

ಅವಳು ಪುಸ್ತಕದಲ್ಲಿ ಮುಖ ಹುದುಗಿಸಿದಳು. ‘ನಿಶ್ಚೆ ಆದ ಗಂಡಸು ಹಿಂಗ ಮಾತಾಡಬಹುದೇನು?’

ಅವತ್ತು ತಡೆಯಲಾರದೆ ಕೇಳಿಯೇ ಬಿಟ್ಟಳು. "ಲಗ್ನ ಯಾವಾಗ್ರಿ?"

"ಅದು... ಮುಂದ ಹೋಗೇತ್ರಿ."

"ಯಾಕ?"

"ಹುಡುಗಿ ಇನ್ನೂ ಹೂಂ ಅಂದಿಲ್ರಿ," ಎಂದ ಆತ, ನೆಲ ನೋಡುತ್ತ.

‘ಎಂಥಾ ಸೊಕ್ಕಿನ ಹುಡುಗಿ ಇರಬೇಕು ಆಕಿ!’ ಎಂದು ಗಂಗಾದೇವಿ ಆ ಕಾಣದ ಹುಡುಗಿಯನ್ನು ಮನಸಾರೆ ಬೈದಳು. ಆಮೇಲೆ ಹಿತ್ತಲಿಗೆ ಹೋಗಿ ಅತ್ತಳು.

ಇತ್ತ ಸೋದರಮಾವ ಧಾರವಾಡದಿಂದ ಒಂದು ಸಂಬಂಧ ತಂದಿದ್ದ. ಒಳ್ಳೆಯ ಮನೆತನ, ಒಳ್ಳೆಯ ಹುಡುಗ. ಬೇಡ ಎನ್ನಲು ಒಂದೇ ಒಂದು ಕಾರಣವೂ ಅವಳ ಬಳಿ ಇರಲಿಲ್ಲ. ಇದ್ದ ಕಾರಣವನ್ನು ಬಾಯಿ ಬಿಟ್ಟು ಹೇಳುವಂತಿರಲಿಲ್ಲ. "ಕ್ಲಾಸ್ ಮುಗೀಲಿ ಅಪ್ಪಾ, ಅವತ್ತs ಹೇಳ್ತೀನಿ," ಎಂದು ಮಾತು ಕೊಟ್ಟಳು.

ಕಡೆಯ ಕ್ಲಾಸಿಗೆ ಇನ್ನೆರಡು ದಿನ ಇರುವಾಗ ಖಾನಾಪುರದ ನಂಟರ ಮನೆಯಲ್ಲಿ ಮಗುವಿನ ತೊಟ್ಟಿಲ ಕಾರ್ಯ. ತಾಯಿಯ ಜೊತೆ ಹೋದ ಗಂಗಾದೇವಿಯ ಪಕ್ಕದಲ್ಲಿ ಒಬ್ಬ ಹಿರಿಯ ಹೆಂಗಸು ಬಂದು ಕೂತಳು.

"ಶಹಾಪುರದಾಕಿ ಏನವಾ? ನನ್ನ ಮಗ ಉಳವಪ್ಪನೂ ಅಲ್ಲೇ ಇಂಗ್ಲಿಷ್ ಕಲ್ಯಾಕ ಬರ್ತಾನ."

ಗಂಗಾದೇವಿ ತಟ್ಟನೆ ಅವಳ ಕಡೆ ತಿರುಗಿದಳು. "ಅವರ ಲಗ್ನ... ಯಾವಾಗ್ರಿ?"

"ಯಾವ ಲಗ್ನ ತಂಗಿ?" ಎಂದಳು ಉಳವಪ್ಪನ ತಾಯಿ ಶಿವಲಿಂಗವ್ವ. "ಪಾರಿಶ್ವಾಡದ ಹುಡುಗಿ ತೋರಿಸ್ತೀನಿ ಬಾ ಅಂದ್ರ ಒಲ್ಲೆ ಅಂದ. ಬ್ಯಾರೆ ಕಡೆ ನೋಡೂಣು ಅಂದ್ರ ಅದೂ ಒಲ್ಲೆ. ನಿಶ್ಚೆನೂ ಇಲ್ಲ, ಏನೂ ಇಲ್ಲ!"

ಮೊದಲು ಎದೆ ಹಗುರಾಯಿತು. ಮರುಕ್ಷಣವೇ ಸಿಟ್ಟು ನೆತ್ತಿಗೇರಿತು. ಹಾಗಾದರೆ ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳೇ? ಹೂಂ ಅನ್ನದ ಆ ಹುಡುಗಿ ಯಾರು?

ರವಿವಾರ. ಕಡೆಯ ಕ್ಲಾಸು. ಮಾಸ್ತರರು ಅವಳಿಗೆ ಕೊಟ್ಟ ಶಬ್ದ ‘ಸ್ಕೆಪ್ಟಿಕಲ್’.

"ಹೇಳಿದ್ದನ್ನ ಲಗೂನ ನಂಬದ, ಖರೇ ಹೌದೋ ಅಲ್ಲೋ ಅಂತ ಸಂಶೇ ಪಡೂದ್ರಿ!"

"ವಾಕ್ಯ?"

"ಐ ಆಮ್ ಸ್ಕೆಪ್ಟಿಕಲ್ ಅಬೌಟ್ ಉಳವಪ್ಪಾಸ್ ಮ್ಯಾರೇಜ್!"

ಎಲ್ಲರೂ ತಿರುಗಿದರು. ಉಳವಪ್ಪ ಎದ್ದು ನಿಂತ. ಮುಖ ಕೆಂಪಡರಿತ್ತು.

"ಆಕಿ ಅಂದದ್ದು ಖರೇ ಐತ್ರಿ ಸರ್. ನಂದು ಸುಳ್ಳು ವಾಕ್ಯಾ. ಅವತ್ತ ಪದ್ಧತಿ ಗೊತ್ತಿರಲಿಲ್ಲ. ಗೊತ್ತಾದ ಮ್ಯಾಲೆ ಹೇಳಾಕ ಧೈರ್ಯ ಸಾಲಲಿಲ್ಲ."

ಬಸಯ್ಯ ಮಾಸ್ತರರು ಕನ್ನಡಕ ತೆಗೆದರು. "ಅಳಸೂದಿಲ್ಲ ತಮ್ಮಾ, ಖರೇ ಮಾಡೂದು. ಇವತ್ತs ಕಡೀ ಕ್ಲಾಸು ಮತ್ತ!"

"ಬಾಗಲಾ ಹಾಕಿಬಿಡ್ಲೇನ್ರಿ ಸರ್?" ಎಂದು ಮಜೀದ ಕೀಲಿ ಆಡಿಸಿದ. ಅಷ್ಟರಲ್ಲಿ ಗಂಗಾದೇವಿ ದಡದಡ ಮೆಟ್ಟಿಲಿಳಿದಿದ್ದಳು.

ಅಂಗಳದಲ್ಲಿ ಅವತ್ತೂ ಹಾಸು ಹರಡಿತ್ತು. ಅವಳು ಆಚೆ ಬದಿಗೆ ಹೋಗಿ ನಿಂತಳು. ಹಿಂದೆಯೇ ಓಡಿ ಬಂದ ಉಳವಪ್ಪ ಹಾಸಿನ ಈಚೆ ನಿಂತ. ಮಗ್ಗಗಳು ಭೋರೆನ್ನುತ್ತಿದ್ದವು.

"ಹೂಂ ಅನ್ನದಾಕಿ ಯಾರ್ರಿ?" ಅವಳು ಕೂಗಿದಳು.

"ಈಗ ನೀವು ನಿಂತಲ್ಲೇ ಅವತ್ತ ನಿಂತಿದ್ದಾಕಿ! ಆ ನಗು ನೋಡಿದ ಮ್ಯಾಲೆ ತಲ್ಯಾಗ ಬ್ಯಾರೆ ವಾಕ್ಯಾನ ಬರಲಿಲ್ರಿ!"

"ನಾ... ನಾ ಎಷ್ಟ ಅತ್ತೀನಿ ಗೊತ್ತೇನ್ರಿ?"

"ಸುಳ್ಳು ಹೇಳೋರ ಮಾರಿ ನೋಡಾಂಗಿಲ್ಲ ಅಂದಿದ್ರಿ! ನಿಮ್ಮ ಮಾರಿ ಕಾಣದ ನಾ ಹೆಂಗ ಇರ್ಲಿ?" ಆತ ಹಾಸಿನ ಅಂಚಿನವರೆಗೂ ಬಂದ. "ಆ ವಾಕ್ಯಾ ಖರೇ ಆಗಬೇಕಂದ್ರ ನಿಮ್ಮ ಹೂಂ ಬೇಕ್ರಿ!"

ಗಂಗಾದೇವಿಯ ಕಣ್ಣು ತುಂಬಿತು. ಸಿಟ್ಟು ಎಲ್ಲಿ ಹೋಯಿತೋ! "ಹೂಂ," ಎಂದಳು, ತನಗೇ ಕೇಳಿಸದಷ್ಟು ಮೆಲ್ಲಗೆ.

"ಏನಂದ್ರಿ? ಕೇಳಸವಲ್ದು!"

"ಹೂಂ ಅಂದ್ನಿ!" ಗಂಟಲು ಹರಿಯುವಂತೆ ಕೂಗಿದಳು.

ಕರೆಂಟ್ ಹೋಯಿತು!

ಇಡೀ ಓಣಿ ಗಪ್‌ಚುಪ್. ಗುರುಪುತ್ರಪ್ಪ ಮಗ್ಗದ ಕೋಣೆಯ ಬಾಗಿಲಿಗೆ ಬಂದು ನಿಂತ. "ಯಾರಿಗೆ ಹೂಂ ಅಂದಿ ಗಂಗವ್ವಾ? ಧಾರವಾಡದವರಿಗೇನು?"

ಗಂಗಾದೇವಿ ತಲೆ ತಗ್ಗಿಸಿದಳು. "ಇಲ್ಲಪ್ಪಾ... ಖಾನಾಪುರಕ್ಕ."

ತಂದೆ ಹುಡುಗನನ್ನು ನೋಡಿದ, ಹಾಸನ್ನು ನೋಡಿದ. ಅಷ್ಟು ದಿನವೂ ಕಿಟಕಿಯಿಂದ ನೋಡುತ್ತಿದ್ದವನು ಆತ. "ಹಾಸು ದಾಟದ ಸುತ್ತು ಹಾಕಿ ಬರೂ ಹುಡುಗ ಅಲ್ಲೇನು ಇಂವ? ನಾಳೆ ನಿಮ್ಮ ಅವ್ವನ್ನ ಕರಕೊಂಡು ಬಾರಪಾ. ಧಾರವಾಡದವರಿಗೆ ನಾ ಹೇಳ್ತೀನಿ."

ಒಳಗೆ ಸಾವಂತ್ರವ್ವ ಆಗಲೇ ಕುಂದಾದ ಡಬ್ಬಿ ಹುಡುಕುತ್ತಿದ್ದಳು.

ಉಳವಪ್ಪ ಗೋಡೆಗುಂಟ ಸುತ್ತು ಹಾಕಿ ಅವಳ ಬಳಿ ಬಂದು ನಿಂತ. ಈಗ ಕೂಗುವ ಅಗತ್ಯವಿರಲಿಲ್ಲ.

"ಇಮಿನೆಂಟ್ ಅಂದ್ರ ಏನ್ರಿ?" ಎಂದಳು ಅವಳು ಮೆಲ್ಲಗೆ, ಮಾಸ್ತರರ ಗತ್ತಿನಲ್ಲಿ.

"ಇನ್ನೇನು ಆಗೇ ಬಿಡ್ತೈತಿ ಅನ್ನೂವಂಥಾದ್ರಿ."

"ವಾಕ್ಯ?"

"ಅವರ್ ಮ್ಯಾರೇಜ್ ಈಸ್ ಇಮಿನೆಂಟ್."

ಗಂಗಾದೇವಿ ಈ ಸಲ ಸೆರಗನ್ನು ಬಾಯಿಗೆ ಅಡ್ಡ ಹಿಡಿಯದೆ ನಕ್ಕಳು.

"ಈಗ ಖರೇ ಆತು ನೋಡ್ರಿ."